ಮಳೆ ಹಿಡಿಯೋ ಮೊದಲು ಲ್ಯಾವೆಂಡರ್ ಕುಂಡ ಸೂರಿನಡಿ ಇಡಿ: ಈ ಗಿಡ ಸಾಯೋದು ನೀರು ಕಮ್ಮಿಯಾಗಿ ಅಲ್ಲ, ಜಾಸ್ತಿಯಾಗಿ!

ಚಿಕ್ಕಮಗಳೂರು: ನರ್ಸರಿಯಲ್ಲಿ ನೇರಳೆ ಹೂ ಬಿಟ್ಟಿರೋ ಲ್ಯಾವೆಂಡರ್ ಗಿಡ ಕಂಡ್ರೆ ಯಾರಿಗಾದ್ರೂ ಆಸೆ ಆಗುತ್ತೆ. ಎಲೆ ಉಜ್ಜಿ ಮೂಸಿದ್ರಂತೂ ಬಿಟ್ಟು ಬರೋಕೆ ಮನಸ್ಸಾಗಲ್ಲ. ಮನೆಗೆ ತಂದು ತುಳಸಿ ಕಟ್ಟೆ ಪಕ್ಕ ಇಟ್ಟು, ತುಳಸಿಗೆ ಹಾಕೋವಾಗ ಇದಕ್ಕೂ ಒಂದು ಚೊಂಬು ನೀರು ಹಾಕ್ತಾರೆ. ಬೇಸಿಗೆಯಲ್ಲಿ ಹೇಗೋ ಇರುತ್ತೆ. ಆರಿದ್ರಾ ಮಳೆ ಹಿಡಿದು ಎರಡು ವಾರ ಆಗೋದ್ರೊಳಗೆ ಬುಡದ ಎಲೆ ಕಪ್ಪಾಗಿ, ಗಿಡ ಜೋತು ಬೀಳುತ್ತೆ. ಆಷಾಢ ಮುಗಿಯೋ ಹೊತ್ತಿಗೆ ಉಳಿಯೋದು ಒಣ ಕಡ್ಡಿ ಮಾತ್ರ.

ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: "ಇಷ್ಟೆಲ್ಲಾ ನೋಡ್ಕೊಂಡ್ವಲ್ಲ, ಏನು ಕಮ್ಮಿ ಆಯ್ತು?"

ಕಮ್ಮಿ ಆಗಿದ್ದು ಏನೂ ಇಲ್ಲ. ಜಾಸ್ತಿ ಆಗಿದ್ದು. ನೀರು ಜಾಸ್ತಿ, ಗೊಬ್ಬರ ಜಾಸ್ತಿ, ಆರೈಕೆ ಜಾಸ್ತಿ. ಮುಂಗಾರು ಇನ್ನೇನು ಬಾಗಿಲಿಗೆ ಬಂದಿದೆ. ಮನೆಯಲ್ಲಿ ಲ್ಯಾವೆಂಡರ್ ಇರೋರು, ತರಬೇಕು ಅಂತಿರೋರು, ಅಂಗಡಿಯಲ್ಲಿ ಅದರ ಎಣ್ಣೆ, ಬೀಜ, ಗಿಡ ಮಾರೋರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ.

ತುಳಸಿ ಸಂಬಂಧಿಯೇ, ಆದ್ರೆ ಗುಣ ಬೇರೆ

ಲ್ಯಾವೆಂಡರ್ ನಮ್ಮ ತುಳಸಿ, ಪುದೀನ, ದೊಡ್ಡಪತ್ರೆ, ಮರುಗ ಇರೋ ಕುಟುಂಬಕ್ಕೇ ಸೇರಿದ ಗಿಡ. ಹಾಗಂತ ಅದಕ್ಕೆ ಪುದೀನದ ಉಪಚಾರ ಮಾಡಿದ್ರೆ ಕೆಡುತ್ತೆ. ಇದರ ತವರು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಗುಡ್ಡಗಾಡು. ಅಲ್ಲಿ ಕಲ್ಲು, ಸುಣ್ಣದ ಅಂಶ ಇರೋ ಬಡ ಮಣ್ಣು. ಮಳೆ ಬೀಳೋದು ಚಳಿಗಾಲದಲ್ಲಿ, ಬೇಸಿಗೆ ಪೂರ್ತಿ ಒಣ ಬಿಸಿಲು. ನಮ್ಮಲ್ಲಿ ಇದು ಉಲ್ಟಾ. ಗಿಡ ಬೆಳೆಯೋ ಬೆಚ್ಚಗಿನ ಕಾಲದಲ್ಲೇ ಮಳೆ ಸುರಿಯುತ್ತೆ. ಬೆಚ್ಚಗೆ ಮತ್ತು ಒದ್ದೆ, ಇವೆರಡೂ ಒಟ್ಟಿಗೆ ಬಂದ್ರೆ ಲ್ಯಾವೆಂಡರ್ ಬೇರು ತಡೆಯಲ್ಲ.

ಬೇರು ಕೊಳೆಸೋದ್ರಲ್ಲಿ ಮುಖ್ಯವಾದದ್ದು ಫೈಟಾಫ್ತೊರ ಗುಂಪಿನ ರೋಗಾಣು. ಈ ಹೆಸರು ಮಲೆನಾಡಿನವರಿಗೆ ಹೊಸದಲ್ಲ. ಅಡಿಕೆಗೆ ಕೊಳೆ ತರೋದು, ಕಾಳುಮೆಣಸಿನ ಬಳ್ಳಿಯನ್ನ ಸೊರಗು ರೋಗದಿಂದ ಸಾಯಿಸೋದು ಇದೇ ಗುಂಪು. ಮೆಣಸಿನ ಬಳ್ಳಿ ಬುಡದಲ್ಲಿ ನೀರು ನಿಂತ್ರೆ ಏನಾಗುತ್ತೆ ಅಂತ ಗೊತ್ತಿರೋರಿಗೆ ಲ್ಯಾವೆಂಡರ್ ಬಗ್ಗೆ ಬೇರೆ ಪಾಠ ಬೇಕಾಗಿಲ್ಲ.

ಇಲ್ಲೇ ಎಲ್ಲರೂ ಎಡವೋದು. ಬೇರು ಕೊಳೆತ ಮೇಲೆ ಅದು ನೀರು ಎಳೆಯಲ್ಲ. ಹಾಗಾಗಿ ಒದ್ದೆ ಮಣ್ಣಲ್ಲಿ ನಿಂತಿದ್ರೂ ಗಿಡ ಬಾಡಿದ ಹಾಗೆ ಕಾಣುತ್ತೆ. ನೋಡಿದವರು "ಪಾಪ, ನೀರು ಸಾಲ್ತಿಲ್ಲ" ಅಂತ ಇನ್ನೊಂದು ಚೊಂಬು ಹಾಕ್ತಾರೆ. ಗಿಡ ಬಾಡಿದೆ ಅಂದ್ರೆ ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ. ಮಣ್ಣು ಒದ್ದೆ ಇದ್ದು ಗಿಡ ಜೋತು ಬಿದ್ದಿದ್ರೆ ಅದು ಬಾಯಾರಿಕೆ ಅಲ್ಲ, ಕೊಳೆ.

ಕಡೂರಿಗೊಂದು, ಶೃಂಗೇರಿಗೊಂದು ಲೆಕ್ಕ

ಲ್ಯಾವೆಂಡರಿಗೆ ಬೇಕಿರೋದು ತಂಪು ಹವೆ ಮತ್ತು ಒಣ ಹವೆ, ಎರಡೂ. ನಮ್ಮ ಜಿಲ್ಲೆಯಲ್ಲಿ ತಂಪಿರೋ ಕಡೆ ಒಣ ಹವೆ ಇಲ್ಲ, ಒಣ ಹವೆ ಇರೋ ಕಡೆ ತಂಪಿಲ್ಲ. ಕೆಮ್ಮಣ್ಣುಗುಂಡಿ, ಬಾಬಾಬುಡನ್‌ಗಿರಿ ಕಡೆ ತಂಪಿದೆ, ಆದ್ರೆ ಮಳೆಗಾಲ ಪೂರ್ತಿ ಮಂಜು, ಜಡಿ. ಮೂಡಿಗೆರೆ, ಕೊಪ್ಪ, ಶೃಂಗೇರಿ, ಕಳಸದಲ್ಲಿ ಬಟ್ಟೆ ಒಣಗಿಸೋದೇ ಕಷ್ಟ. ಕಡೂರು, ಅಜ್ಜಂಪುರ, ತರೀಕೆರೆಯ ಬಯಲು ಕಡೆ ಮಳೆ ಕಮ್ಮಿ, ಆದ್ರೆ ಏಪ್ರಿಲ್ ಬಿಸಿಲು ಗಿಡವನ್ನ ಸುಡುತ್ತೆ.

ಹಾಗಾದ್ರೆ ಬೆಳೆಯೋಕೇ ಆಗಲ್ವಾ? ಆಗುತ್ತೆ. ನೆಲಕ್ಕೆ ನೆಡಬೇಡಿ, ಕುಂಡದಲ್ಲಿ ಬೆಳೆಸಿ, ಅಷ್ಟೇ. ಕುಂಡವನ್ನ ಮಳೆ ಬಂದಾಗ ಸೂರಿನಡಿ, ಬಿಸಿಲು ಹೆಚ್ಚಾದಾಗ ನೆರಳಿಗೆ, ಚಳಿಗಾಲದಲ್ಲಿ ಅಂಗಳದ ನಡುವೆ ಇಡಬಹುದು. ನೆಲದಲ್ಲಿರೋ ಗಿಡವನ್ನ ಎತ್ತಿ ಇಡೋಕಾಗಲ್ಲ.

ಯಾವ ಜಾತಿ ತರಬೇಕು?

ಲ್ಯಾವೆಂಡರ್ ಅಂತ ಒಂದೇ ಗಿಡ ಇಲ್ಲ. ನರ್ಸರಿಗಳಲ್ಲಿ ಸಿಗೋದು ಮುಖ್ಯವಾಗಿ ಇವು:

ಇಂಗ್ಲಿಷ್ ಲ್ಯಾವೆಂಡರ್: ಹೆಸರು ಇಂಗ್ಲಿಷ್, ಊರು ಮೆಡಿಟರೇನಿಯನ್ ಗುಡ್ಡ. ಒಳ್ಳೆ ಎಣ್ಣೆ, ಸಿಹಿ ಪರಿಮಳ, ಅಡುಗೆಗೆ ಬಳಸೋದು ಎಲ್ಲಾ ಇದರದ್ದೇ. ಎಲೆ ಸಪೂರ, ಅಂಚು ನಯ, ಬೂದು ಬಣ್ಣ. ಚೆನ್ನಾಗಿ ಹೂ ಬಿಡೋಕೆ ಗಟ್ಟಿ ಚಳಿ ಬೇಕು. ನಮ್ಮಲ್ಲಿ ಗಿಡ ಉಳಿದ್ರೂ ಹೂ ಕಮ್ಮಿ.

ಫ್ರೆಂಚ್ ಲ್ಯಾವೆಂಡರ್: ಎಲೆಯ ಅಂಚು ಗರಗಸದ ಹಾಗೆ ಇರುತ್ತೆ. ಪರಿಮಳದಲ್ಲಿ ಸ್ವಲ್ಪ ಕರ್ಪೂರದ ಘಾಟು. ಗಟ್ಟಿ ಚಳಿ ಇಲ್ದಿದ್ರೂ ಹೂ ಬಿಡುತ್ತೆ. ಚಿಕ್ಕಮಗಳೂರು ಸುತ್ತಮುತ್ತ ಮನೆಗೆ ತರೋದಾದ್ರೆ ಇದೇ ಮೊದಲ ಆಯ್ಕೆ.

ಸ್ಪ್ಯಾನಿಷ್ ಲ್ಯಾವೆಂಡರ್: ಹೂವಿನ ತುದಿಯಲ್ಲಿ ಮೊಲದ ಕಿವಿಯ ಹಾಗೆ ಎರಡು-ಮೂರು ದಳ ಎದ್ದು ನಿಂತಿರುತ್ತೆ. ಯುನಾನಿ ಔಷಧಿಯಲ್ಲಿ ಬಳಸೋ ಉಸ್ತುಖುದ್ದೂಸ್ ಇದೇ.

ಜರಿ ಎಲೆಯ ಲ್ಯಾವೆಂಡರ್: ಎಲೆ ಜರಿ ಗಿಡದ ಹಾಗೆ ಸೀಳು ಸೀಳು. ಬಿಸಿಲು ಚೆನ್ನಾಗಿ ತಡೆಯುತ್ತೆ. ಕಡೂರು, ಅಜ್ಜಂಪುರದವರಿಗೆ ಇದು ವಾಸಿ. ಆದ್ರೆ ನೋಟಕ್ಕಷ್ಟೇ ಚೆಂದ. ಪರಿಮಳ ಕಮ್ಮಿ, ಅಡುಗೆಗೆ ಬೇಡ.

ಅಂದಹಾಗೆ, ಲ್ಯಾವೆಂಡರ್ ಪೂರ್ತಿ ಪರದೇಶದ್ದು ಅಂತ ತಿಳಿಯಬೇಡಿ. 'ಲ್ಯಾವಂಡುಲ ಬೈಪಿನ್ನಾಟ' ಅನ್ನೋ ಕಾಡು ಜಾತಿ ದಖ್ಖನ್ನಿನ ಗುಡ್ಡಗಳಲ್ಲಿ ತಾನಾಗೇ ಬೆಳೆಯುತ್ತೆ. ಮರಾಠಿಯಲ್ಲಿ ಅದಕ್ಕೆ ಘೋಡೆಘುಯಿ ಅಂತಾರೆ.

ಇನ್ನು ಎರಡು ಗೊಂದಲ ಇದೆ. ಒಂದು, ಲಾವಂಚ. ಹೆಸರು ಕೇಳೋಕೆ ಹತ್ತಿರ ಅನ್ನಿಸಿದ್ರೂ ಲಾವಂಚ ಒಂದು ಹುಲ್ಲು, ಪರಿಮಳ ಇರೋದು ಅದರ ಬೇರಲ್ಲಿ. ಲ್ಯಾವೆಂಡರಿಗೂ ಅದಕ್ಕೂ ಸಂಬಂಧ ಇಲ್ಲ. ಎರಡನೇದು, ನೀಲಿ ಸಾಲ್ವಿಯ. ನೇರಳೆ-ನೀಲಿ ತೆನೆ ಹೂ ಬಿಡೋ ಈ ಗಿಡವನ್ನ ದೂರದಿಂದ ನೋಡಿದ್ರೆ ಲ್ಯಾವೆಂಡರ್ ಅಂತಲೇ ಅನ್ನಿಸುತ್ತೆ. ಪರೀಕ್ಷೆ ಸುಲಭ: ಎಲೆ ಉಜ್ಜಿ ಮೂಸಿ. ಲ್ಯಾವೆಂಡರ್ ಆಗಿದ್ರೆ ಕೈಯಲ್ಲಿ ಪರಿಮಳ ಉಳಿಯುತ್ತೆ.

ಬೀಜ ತರಿಸೋ ಮೊದಲು ಯೋಚಿಸಿ

ಆನ್‌ಲೈನಲ್ಲಿ ಲ್ಯಾವೆಂಡರ್ ಬೀಜದ ಪ್ಯಾಕೆಟ್ ಅಗ್ಗಕ್ಕೆ ಸಿಗುತ್ತೆ. ಮೇಲಿನ ಚಿತ್ರದಲ್ಲಿ ಕಡು ಕೆಂಪು, ಹಳದಿ ಲ್ಯಾವೆಂಡರ್ ಇದ್ರೆ ಅದನ್ನ ಅಲ್ಲೇ ಬಿಡಿ. ನಿಜವಾದ ಬೀಜವೂ ಹಠಮಾರಿ. ಒದ್ದೆ ಮರಳಿನ ಜೊತೆ ಡಬ್ಬಿಯಲ್ಲಿ ಹಾಕಿ ಮೂರ್ನಾಲ್ಕು ವಾರ ಫ್ರಿಜ್ಜಲ್ಲಿಟ್ಟು ಆಮೇಲೆ ಬಿತ್ತಬೇಕು. ಬೀಜದ ಮೇಲೆ ಮಣ್ಣು ತೆಳುವಾಗಿ ಉದುರಿಸಿದ್ರೆ ಸಾಕು. ಮೊಳಕೆಗೆ ಎರಡರಿಂದ ನಾಲ್ಕು ವಾರ, ಕೆಲವು ಸಲ ಇನ್ನೂ ಜಾಸ್ತಿ ಬೇಕು. ತುಂಬು ಹೂ ನೋಡೋಕೆ ಒಂದು ವರ್ಷದ ಮೇಲೇ ಕಾಯಬೇಕು.

ಕಡ್ಡಿ ನೆಡೋದು ಇದಕ್ಕಿಂತ ಸುಲಭ. ಪರಿಚಯದವರ ಮನೆಯಲ್ಲಿ ಗಿಡ ಇದ್ರೆ ಮಳೆ ನಿಂತ ಮೇಲೆ, ಅಕ್ಟೋಬರ್-ನವೆಂಬರಲ್ಲಿ, ಹೂ ಇಲ್ಲದ ನಾಲ್ಕಿಂಚಿನ ಚಿಗುರು ಕಡ್ಡಿ ತನ್ನಿ. ಕೆಳಗಿನ ಅರ್ಧದ ಎಲೆ ತೆಗೆದು ಮರಳು ಜಾಸ್ತಿ ಇರೋ ಮಣ್ಣಿಗೆ ಚುಚ್ಚಿ, ನೆರಳಲ್ಲಿಡಿ. ಮಣ್ಣು ತೇವ ಇರಲಿ, ಕೆಸರು ಬೇಡ. ಸುಮಾರು ನಾಲ್ಕರಿಂದ ಆರು ವಾರದಲ್ಲಿ ಬೇರು ಬಿಡುತ್ತೆ.

ಕುಂಡ, ಮಣ್ಣು, ನೀರು

ಕುಂಡ: 10ರಿಂದ 12 ಇಂಚಿನ ಸುಟ್ಟ ಮಣ್ಣಿನ ಕುಂಡ ಒಳ್ಳೇದು, ಅದು ತೇವ ಹೊರಗೆ ಬಿಡುತ್ತೆ. ತಳದಲ್ಲಿ ತೂತು ಇರಲೇಬೇಕು. ಕುಂಡದ ಕೆಳಗೆ ತಟ್ಟೆ ಬೇಡ. ಎರಡು ಇಟ್ಟಿಗೆ ಮೇಲೆ ಎತ್ತಿ ಇಡಿ.

ಮಣ್ಣು: ಎರಡು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಹಳೇ ಕೊಟ್ಟಿಗೆ ಗೊಬ್ಬರ. ಮರಳು ಸಿಗದಿದ್ರೆ ಎಂ-ಸ್ಯಾಂಡ್ ಆಗುತ್ತೆ, ಆದ್ರೆ ಅದರ ಪುಡಿ ಹೋಗೋ ಹಾಗೆ ಎರಡು ಸಲ ತೊಳೀಬೇಕು. ಇಲ್ದಿದ್ರೆ ಆ ಪುಡಿಯೇ ಸಿಮೆಂಟಿನ ಹಾಗೆ ಕೂತ್ಕೊಳ್ಳುತ್ತೆ. ತೆಂಗಿನ ನಾರಿನ ಪುಡಿ ನಮ್ಮ ಕಡೂರು ಕಡೆ ಬೇಕಾದಷ್ಟು ಸಿಗುತ್ತೆ, ಎಲ್ಲಾ ಗಿಡಕ್ಕೂ ಹಾಕ್ತಾರೆ. ಲ್ಯಾವೆಂಡರಿಗೆ ಮಾತ್ರ ಬೇಡ. ಅದು ನೀರು ಹಿಡಿದಿಟ್ಟುಕೊಳ್ಳುತ್ತೆ. ನರ್ಸರಿಯಿಂದ ಬಂದ ಗಿಡದ ಬೇರಿನ ಸುತ್ತ ಅದೇ ತುಂಬಿದ್ರೆ, ಕುಂಡಕ್ಕೆ ಹಾಕೋವಾಗ ಹೊರಗಿನದ್ದನ್ನ ಮೆಲ್ಲಗೆ ಉದುರಿಸಿ.

ಸುಣ್ಣ: ಕಾಫಿ ಸೀಮೆಯ ಮಣ್ಣು ಹುಳಿ. ಅದಕ್ಕೇ ಎಸ್ಟೇಟುಗಳಲ್ಲಿ ಸುಣ್ಣ ಹಾಕೋದು. ಇಂಗ್ಲಿಷ್, ಫ್ರೆಂಚ್ ಲ್ಯಾವೆಂಡರಿಗೂ ಅದೇ ಲೆಕ್ಕ. ತೋಟದ ಮಣ್ಣು ಬಳಸೋದಾದ್ರೆ 12 ಇಂಚಿನ ಕುಂಡಕ್ಕೆ ಒಂದು ಟೀ ಚಮಚ ಕೃಷಿ ಸುಣ್ಣ ಬೆರೆಸಿ. ಎಲೆ ಅಡಿಕೆಗೆ ಹಾಕೋ ಸುಣ್ಣ ಅಲ್ಲ, ಗೊಬ್ಬರದ ಅಂಗಡಿಯಲ್ಲಿ ಸಿಗೋದು.

ಬಿಸಿಲು: ದಿನಕ್ಕೆ ಕನಿಷ್ಠ ಆರು ಗಂಟೆ. ಮನೆಯೊಳಗೆ ಟೀಪಾಯಿ ಮೇಲೆ ಇಟ್ರೆ ತಿಂಗಳೊಳಗೆ ಸೊರಗುತ್ತೆ. ಬಯಲು ಸೀಮೆಯಲ್ಲಿ ಮಾರ್ಚಿಂದ ಮೇವರೆಗೆ ಮಧ್ಯಾಹ್ನದ ಬಿಸಿಲು ತಪ್ಪಿಸಿ, ಬೆಳಗಿನದ್ದು ಸಾಕು.

ನೀರು: ದಿನಕ್ಕೊಂದು ಸಲ ಅನ್ನೋ ಲೆಕ್ಕವೇ ಬೇಡ. ಎರಡು ಇಂಚು ಆಳಕ್ಕೆ ಬೆರಳು ಹಾಕಿ, ಒಣಗಿದ್ರೆ ಮಾತ್ರ ಹಾಕಿ. ಹಾಕಿದಾಗ ತಳದಿಂದ ಇಳಿಯೋವಷ್ಟು ಹಾಕಿ, ಆಮೇಲೆ ಮರೆತುಬಿಡಿ. ಸಾಮಾನ್ಯ ದಿನದಲ್ಲಿ ನಾಲ್ಕರಿಂದ ಏಳು ದಿನಕ್ಕೊಮ್ಮೆ, ಕಡೂರಿನ ಬಿರು ಬೇಸಿಗೆಯಲ್ಲಿ ಎರಡು-ಮೂರು ದಿನಕ್ಕೊಮ್ಮೆ ಬೇಕಾಗಬಹುದು. ಎಲೆ ಮೇಲೆ ಚಿಮುಕಿಸಬೇಡಿ, ಬುಡಕ್ಕೆ ಹಾಕಿ. ಈಗಷ್ಟೇ ನೆಟ್ಟ ಗಿಡಕ್ಕೆ ಮೊದಲ ಕೆಲವು ವಾರ ಸ್ವಲ್ಪ ಬೇಗ ಬೇಗ ಬೇಕು.

ಗೊಬ್ಬರ: ಯೂರಿಯಾ, 19:19:19 ಯಾವುದೂ ಬೇಡ. ಗೊಬ್ಬರ ಜಾಸ್ತಿ ಆದ್ರೆ ಎಲೆ ಸೊಂಪಾಗಿ ಬರುತ್ತೆ, ಹೂ ಬರಲ್ಲ, ಪರಿಮಳವೂ ಇಳಿಯುತ್ತೆ. ವರ್ಷಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ಕತ್ತರಿ: ಹೂ ಮುಗಿದ ಮೇಲೆ ಗಿಡದ ಮೂರನೇ ಒಂದು ಭಾಗ ಕತ್ತರಿಸಿ. ಆದ್ರೆ ಎಲೆ ಇಲ್ಲದ ಕಂದು ಕಟ್ಟಿಗೆವರೆಗೆ ಇಳಿಸಬೇಡಿ, ಅಲ್ಲಿಂದ ಮತ್ತೆ ಚಿಗುರೋದು ಅಪರೂಪ.

ಈಗ ಮಾಡಬೇಕಾದ ಕೆಲಸ

ಮೃಗಶಿರ ಹಿಡಿಯೋ ಮೊದಲೇ ಕುಂಡವನ್ನ ಸೂರಿನಡಿ ತನ್ನಿ. ಹಂಚಿನ ನೀರು ಸುರಿಯೋ ಅಂಚಲ್ಲಿ ಬೇಡ, ಒಳಗೆ ಸರಿಸಿ. ಆದ್ರೆ ಬೆಳಕು ಬೇಕು, ಗಾಳಿಯೂ ಆಡಬೇಕು. ಮುಚ್ಚಿದ ಕೋಣೆಯಲ್ಲಿಟ್ರೆ ಬೂಷ್ಟು ಹಿಡಿಯುತ್ತೆ. ತಾರಸಿ ಮನೆಯವರು ಪಾರದರ್ಶಕ ಶೀಟಿನ ಕೆಳಗೆ ಇಡಬಹುದು, ಸುತ್ತಲೂ ತೆರೆದಿರಲಿ.

ಗಿಡದ ಒಳಗೆ ಒತ್ತೊತ್ತಾಗಿರೋ ಕಡ್ಡಿ ತೆಗೆದು ಗಾಳಿ ಹೋಗೋ ಹಾಗೆ ಮಾಡಿ. ಬುಡಕ್ಕೆ ತರಗೆಲೆ ಹೊದಿಸೋದು ಕಾಫಿಗೆ ಸರಿ, ಇದಕ್ಕೆ ಬೇಡ. ಬದಲಿಗೆ ಸಣ್ಣ ಜಲ್ಲಿಕಲ್ಲು ಹರಡಿ. ಜೂನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಹತ್ತು-ಹದಿನೈದು ದಿನಕ್ಕೊಮ್ಮೆ ಸ್ವಲ್ಪ ನೀರು ಕೊಟ್ರೂ ನಡೆಯುತ್ತೆ. ಅದೂ ಬೆರಳು ಹಾಕಿ ನೋಡಿದ ಮೇಲೆ.

ಬುಡ ಮೆತ್ತಗಾಗಿದ್ರೆ ಗಿಡದ ಆಸೆ ಬಿಡಿ. ಮೇಲೆ ಹಸಿರು ತುದಿ ಉಳಿದಿದ್ರೆ ನಾಲ್ಕು ಕಡ್ಡಿ ಕತ್ತರಿಸಿ ಹೊಸ ಮರಳಿಗೆ ಚುಚ್ಚಿ ನೋಡಿ. ಸತ್ತ ಗಿಡದ ಮಣ್ಣನ್ನ ಇನ್ನೊಂದು ಲ್ಯಾವೆಂಡರಿಗೆ ಬಳಸಬೇಡಿ.

ಹೂ ಬಂತು, ಏನು ಮಾಡೋದು?

ತೆನೆಯಲ್ಲಿ ಕೆಳಗಿನ ಕೆಲವು ಹೂ ಅರಳಿ, ಮೇಲಿನದ್ದು ಇನ್ನೂ ಮೊಗ್ಗಿರುವಾಗ ಕತ್ತರಿಸಬೇಕು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಒಳ್ಳೆ ಹೊತ್ತು. ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ನೆರಳಲ್ಲಿ ನೇತುಹಾಕಿ. ಎರಡು-ಮೂರು ವಾರದಲ್ಲಿ ಒಣಗುತ್ತೆ. ಮಳೆಗಾಲದಲ್ಲಿ ಈ ಕೆಲಸ ಬೇಡ, ಬೂಷ್ಟು ಹಿಡಿಯುತ್ತೆ.

ಒಣ ಹೂವನ್ನ ತೆಳು ಬಟ್ಟೆಯ ಗಂಟು ಕಟ್ಟಿ ಬೀರುವಿನಲ್ಲಿ ಸೀರೆ ಮಧ್ಯೆ ಇಡಬಹುದು. ಬಟ್ಟೆಗೆ ಪರಿಮಳ, ಹುಳ ಹತ್ತಿರ ಬರೋದೂ ಕಮ್ಮಿ. ಪರಿಮಳ ಇಳಿದಾಗ ಗಂಟನ್ನ ಕೈಯಲ್ಲಿ ಹಿಸುಕಿದ್ರೆ ಮತ್ತೆ ಬರುತ್ತೆ. ಪೂರ್ತಿ ಒಣಗಿದ ಹೂವನ್ನ ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಮುಚ್ಚಿ ಎರಡು ವಾರ ಬೆಚ್ಚಗಿನ ಜಾಗದಲ್ಲಿಟ್ಟು ಸೋಸಿದ್ರೆ ಕೈಕಾಲಿಗೆ ಹಚ್ಚೋ ಎಣ್ಣೆ ಆಗುತ್ತೆ. ಹಸಿ ಹೂ ಹಾಕಿದ್ರೆ ಎಣ್ಣೆ ಕೆಡುತ್ತೆ.

ಟೀ ಮಾಡೋರು ಇಂಗ್ಲಿಷ್ ಲ್ಯಾವೆಂಡರ್ ಹೂ ಮಾತ್ರ ಬಳಸಿ. ಒಂದು ಕಪ್ಪಿಗೆ ಅರ್ಧ ಟೀ ಚಮಚ ಸಾಕು, ಜಾಸ್ತಿ ಆದ್ರೆ ಸೋಪಿನ ನೀರು ಕುಡಿದ ಹಾಗಾಗುತ್ತೆ. ನರ್ಸರಿಯಿಂದ ತಂದ ತಕ್ಷಣದ ಹೂ ತಿನ್ನಬೇಡಿ, ಔಷಧಿ ಹೊಡೆದಿರ್ತಾರೆ. ಆ ಹೂ ಕತ್ತರಿಸಿ ಬಿಸಾಕಿ, ಮನೆಯಲ್ಲಿ ಬೆಳೆದು ಬಂದ ಮುಂದಿನ ಹೂ ಬಳಸಿ.

ಅಂಗಡಿಯವರಿಗೆ, ಗ್ರಾಹಕರಿಗೆ: ಸೀಸೆಯ ಮೇಲೆ ಏನಿದೆ ನೋಡಿ

ಸುಮಾರು ನೂರು ಕೆ.ಜಿ. ಹೂ ಬಟ್ಟಿ ಇಳಿಸಿದ್ರೆ ಸಿಗೋ ಎಣ್ಣೆ ಒಂದು ಕೆ.ಜಿ. ಆಸುಪಾಸು. ಹಾಗಾಗಿ ಅಸಲಿ ಎಣ್ಣೆ ಅಗ್ಗಕ್ಕೆ ಸಿಗೋಕೆ ಸಾಧ್ಯವೇ ಇಲ್ಲ. ಲೇಬಲ್ ಮೇಲೆ 'ಫ್ರೇಗ್ರೆನ್ಸ್ ಆಯಿಲ್' ಅಂತಿದ್ರೆ ಅದು ಸುಗಂಧಕ್ಕೆ ಮಾಡಿದ್ದು, ಸಾಮಾನ್ಯವಾಗಿ ರಾಸಾಯನಿಕ. ರೂಮಿನ ಪರಿಮಳಕ್ಕೆ ಪರವಾಗಿಲ್ಲ, ಮೈಗೆ ಹಚ್ಚೋಕಲ್ಲ. 'ಎಸೆನ್ಷಿಯಲ್ ಆಯಿಲ್' ಅಂತಿದ್ರೆ ಗಿಡದ ಸಸ್ಯಶಾಸ್ತ್ರೀಯ ಹೆಸರು, ಬ್ಯಾಚ್ ನಂಬರ್, ತಯಾರಕರ ವಿಳಾಸ ಇದೆಯಾ ನೋಡಿ. ಎಣ್ಣೆಯ ಬಣ್ಣವೇ ನೇರಳೆ ಇದ್ರೆ ಅದು ಕಲಬೆರಕೆ. ಅಸಲಿ ಎಣ್ಣೆಗೆ ಬಣ್ಣ ಇರಲ್ಲ, ಇಲ್ಲಾ ತಿಳಿ ಹಳದಿ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಮರುದಿನ ನೋಡಿ. ಜಿಡ್ಡಿನ ಕಲೆ ಉಳಿದಿದ್ರೆ ಬೇರೆ ಎಣ್ಣೆ ಬೆರೆಸಿದ್ದಾರೆ ಅನ್ನೋ ಅನುಮಾನ ಪಡಬಹುದು.

ಯಾವ ಎಣ್ಣೆಯೂ ಕುಡಿಯೋಕಲ್ಲ. ನೇರವಾಗಿ ಮೈಗೆ ಹಚ್ಚೋದೂ ಬೇಡ. ಒಂದು ಟೀ ಚಮಚ ಕೊಬ್ಬರಿ ಎಣ್ಣೆಗೆ ಎರಡು ಹನಿ ಸಾಕು. ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ. ಮಕ್ಕಳ ಕೈಗೆ ಸಿಗದ ಹಾಗಿಡಿ. ಮನೆಯಲ್ಲಿ ಬೆಕ್ಕು, ನಾಯಿ ಇದ್ರೆ ಎಚ್ಚರ, ಈ ಎಣ್ಣೆ ಹೊಟ್ಟೆಗೆ ಹೋದ್ರೆ ಅವುಗಳಿಗೆ ವಿಷ. ಬಸುರಿಯರು, ಬಾಣಂತಿಯರು, ನಿದ್ದೆಗೆ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಿ ಬಳಸಿ. ಪರಿಮಳದಿಂದ ಮನಸ್ಸಿಗೆ ಹಾಯ್ ಅನ್ನಿಸಬಹುದು, ಆದ್ರೆ ಮಾತ್ರೆಗೆ ಬದಲು ಇದಲ್ಲ.

ಗಿಡ ಮಾರೋರು ಸ್ಟಾಕ್ ತರಿಸೋದಾದ್ರೆ ದೀಪಾವಳಿ ಆದ ಮೇಲೆ ತರಿಸಿ. ಜೂನಲ್ಲಿ ಮಾರಿದ ಗಿಡ ಆಗಸ್ಟಲ್ಲಿ ಸತ್ರೆ ಗಿರಾಕಿ ಬೈಯೋದು ಮಳೆಯನ್ನಲ್ಲ, ಅಂಗಡಿಯವರನ್ನ. "ನೀರು ಕಮ್ಮಿ ಹಾಕಿ" ಅಂತ ಒಂದು ಮಾತು ಹೇಳಿ ಕಳಿಸಿದ್ರೆ ಆ ಗಿರಾಕಿ ಮತ್ತೆ ಬರ್ತಾರೆ.

ಎಕರೆಗಟ್ಟಲೆ ಹಾಕೋ ಯೋಚನೆ ಇದ್ಯಾ?

ಕಾಶ್ಮೀರದ ಲ್ಯಾವೆಂಡರ್ ವಿಡಿಯೋಗಳು ಮೊಬೈಲಲ್ಲಿ ಓಡಾಡ್ತಿವೆ. ಅದು ಸುಳ್ಳಲ್ಲ. ಜಮ್ಮುವಿನ ದೋಡ ಜಿಲ್ಲೆಯ ಭದರ್ವಾಹದಲ್ಲಿ ಮೆಕ್ಕೆಜೋಳ ಬೆಳೀತಿದ್ದ ರೈತರು ಸಿಎಸ್‌ಐಆರ್‌ನ ಅರೋಮಾ ಮಿಷನ್ ನೆರವಿನಿಂದ ಲ್ಯಾವೆಂಡರಿಗೆ ಬಂದರು. ಜಮ್ಮುವಿನ ಸಂಶೋಧನಾ ಸಂಸ್ಥೆ ಐಐಐಎಂ ಸಸಿ ಕೊಟ್ಟಿತು, ಬಟ್ಟಿ ಇಳಿಸೋ ಘಟಕಗಳೂ ಬಂದವು. ಇದನ್ನೇ 'ನೇರಳೆ ಕ್ರಾಂತಿ' ಅಂತ ಕರೆಯೋದು. 2022ರ ಮೇ ತಿಂಗಳಲ್ಲಿ ಅಲ್ಲಿ ಮೊದಲ ಲ್ಯಾವೆಂಡರ್ ಉತ್ಸವ ನಡೆಯಿತು.

ಆದ್ರೆ ಭದರ್ವಾಹದಲ್ಲಿ ಚಳಿಗಾಲಕ್ಕೆ ಹಿಮ ಬೀಳುತ್ತೆ. ಎಣ್ಣೆ ಕೊಡೋ ಇಂಗ್ಲಿಷ್ ಲ್ಯಾವೆಂಡರಿಗೆ ಬೇಕಿರೋದು ಅದೇ ಚಳಿ. ವಿಡಿಯೋ ನೋಡಿ ಕಾಫಿ ಕಿತ್ತು, ಇಲ್ಲಾ ಸಾಲ ಮಾಡಿ ಇಲ್ಲಿ ಎಕರೆಗಟ್ಟಲೆ ಹಾಕೋ ಮೊದಲು ತೋಟಗಾರಿಕೆ ಇಲಾಖೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಹೋಂಸ್ಟೇಯವರಿಗೆ ಫೋಟೋಗೆ ನೇರಳೆ ತೋಟ ಬೇಕು ಅಂದ್ರೆ ನೀಲಿ ಸಾಲ್ವಿಯ ಹಾಕಿ, ಖರ್ಚು ಕಮ್ಮಿ. ಬೋರ್ಡಲ್ಲಿ ಮಾತ್ರ ಲ್ಯಾವೆಂಡರ್ ಅಂತ ಬರೆಸಬೇಡಿ.

ಪರಿಮಳದ ಗಿಡವೇ ಬೇಕು, ಇಷ್ಟೆಲ್ಲಾ ರಗಳೆ ಬೇಡ ಅನ್ನೋರಿಗೆ ದವನ, ಮರುಗ ಇದ್ದೇ ಇವೆ. ದವನದ ಎಣ್ಣೆಗೆ ಹೊರದೇಶದಲ್ಲೂ ಬೇಡಿಕೆ ಇದೆ, ಅದು ನಮ್ಮ ದಕ್ಷಿಣದ್ದೇ ಬೆಳೆ. ಚಳಿಗಾಲದ ಶುರುವಿನಲ್ಲಿ ಬಿತ್ತಿದ್ರೆ ಬೇಸಿಗೆಗೆ ಮೊದಲೇ ಕೈಗೆ ಬರುತ್ತೆ.

ಮನೆಯಲ್ಲಿ ಆಗಲೇ ಲ್ಯಾವೆಂಡರ್ ಕುಂಡ ಇರೋರು ಮಾತ್ರ ಇವತ್ತೇ ಒಂದು ಕೆಲಸ ಮಾಡಿ. ಕುಂಡ ಎತ್ತಿ ತಳದ ತೂತು ಮುಚ್ಚಿದೆಯಾ ನೋಡಿ, ಮುಚ್ಚಿದ್ರೆ ಕಡ್ಡಿಯಲ್ಲಿ ಚುಚ್ಚಿ ಬಿಡಿಸಿ, ಹಾಗೇ ತಂದು ಜಗುಲಿ ಮೇಲಿಡಿ. ಬೆಳಿಗ್ಗೆ ತುಳಸಿಗೆ ನೀರು ಹಾಕೋವಾಗ ಇದರ ಕಡೆ ಚೊಂಬು ತಿರುಗಿಸಬೇಡಿ.